ಪದಾಂತದ ಉಕಾರ: ಕನ್ನಡ ಹಾಡಿನಲ್ಲಿ ಮಾತು ಮತ್ತು ಧಾತುಗಳ ಅರ್ಥಸಂಬಂಧ

ಸಾರಾಂಶ: ಕನ್ನಡದಲ್ಲಿ ದನಿಯ ಏರಿಳಿತವು ಪದದ ಅರ್ಥವನ್ನು ಬದಲಿಸುವುದಿಲ್ಲ, ಸ್ವರದ ಹ್ರಸ್ವ-ದೀರ್ಘಗಳು ಬದಲಿಸುತ್ತವೆ. ಆದ್ದರಿಂದ ಕನ್ನಡ ಸಾಹಿತ್ಯಕ್ಕೆ ರಾಗವನ್ನು ಕೂಡಿಸುವವನಿಗೆ ಇರುವ ಸ್ವಾತಂತ್ರ್ಯವು ತಾಳವನ್ನು ಕೂಡಿಸುವವನಿಗೆ ಇಲ್ಲ. ಹಾಡಿನಲ್ಲಿ ಎಳೆಯಲಾಗುವ ಸ್ವರ ಎಲ್ಲಿ ನಿರಪಾಯಕಾರಿ, ಎಲ್ಲಿ ವ್ಯಾಕರಣವನ್ನೇ ಬದಲಿಸುತ್ತದೆ ಎಂಬುದನ್ನು ಸಂಧಿನಿಯಮಗಳ ಮತ್ತು ಛಂದಸ್ಸಿನ ನೆಲೆಯಿಂದ ಈ ಲೇಖನ ವಿವರಿಸುತ್ತದೆ.

ಪ್ರಮುಖ ಪದಗಳು: ಮಾತು, ಧಾತು, ಹ್ರಸ್ವ-ದೀರ್ಘ, ಪ್ಲುತ, ಕರ್ಷಣ, ಲೋಪಸಂಧಿ, ಪಲ್ಲವಿ

ಪ್ರವೇಶ

ಭಾರತೀಯ ಸಂಗೀತಶಾಸ್ತ್ರವು ಹಾಡಿನ ಎರಡು ಅಂಗಗಳನ್ನು ಮಾತು ಮತ್ತು ಧಾತು ಎಂದು ಹೆಸರಿಸುತ್ತದೆ. ಮಾತು ಎಂದರೆ ಸಾಹಿತ್ಯಭಾಗ. ಧಾತು ಎಂದರೆ ಮಟ್ಟು. 13ನೆಯ ಶತಮಾನದಲ್ಲಿ ದೇವಗಿರಿಯ ಸೇವುಣರ ಆಶ್ರಯದಲ್ಲಿದ್ದ ಶಾರ್ಙ್ಗದೇವನು ‘ಸಂಗೀತರತ್ನಾಕರ’ದಲ್ಲಿ ಎರಡನ್ನೂ ರಚಿಸಬಲ್ಲವನನ್ನು ವಾಗ್ಗೇಯಕಾರನೆಂದು ಕರೆಯುತ್ತಾನೆ, ಇನ್ನೊಬ್ಬರ ಧಾತುವಿಗೆ ಮಾತನ್ನು ಹೊಂದಿಸುವವನಿಗೆ ಕುಟ್ಟಿಕಾರನೆಂಬ ಬೇರೆ ಹೆಸರನ್ನು ಕೊಡುತ್ತಾನೆ. ಈ ವಿಭಾಗವನ್ನು ಆಧರಿಸಿಯೋ ಏನೋ, ಹಾಡಿನ ಅರ್ಥವನ್ನು ಕುರಿತ ನಮ್ಮ ಸಾಮಾನ್ಯ ಚರ್ಚೆಯಲ್ಲಿ ಕೆಲಸವನ್ನೂ ಎರಡಾಗಿ ಹಂಚಿಬಿಡುವ ರೂಢಿ ಬೆಳೆದಿದೆ: ಸಾಹಿತ್ಯ ಅರ್ಥವನ್ನು ಕೊಡುತ್ತದೆ, ಸಂಗೀತ ಭಾವವನ್ನು ಕೊಡುತ್ತದೆ.

ಭಾಷಾವಿಜ್ಞಾನದ ದೃಷ್ಟಿಯಿಂದ ಈ ಹಂಚಿಕೆ ನಿಲ್ಲುವುದಿಲ್ಲ. ಆಡುಮಾತಿನಲ್ಲಿ ದನಿಯ ಏರಿಳಿತ, ಸ್ವರದ ಕಾಲಮಾನ, ಮಾತಿನ ನಡುವಿನ ನಿಲುಗಡೆ ಈ ಮೂರೂ ವ್ಯಾಕರಣದ ಉಪಕರಣಗಳು. ಪ್ರಶ್ನೆಯನ್ನು ಹೇಳಿಕೆಯಿಂದ, ಒಂದು ಪದವನ್ನು ಇನ್ನೊಂದರಿಂದ, ಒಂದು ಪದಪುಂಜವನ್ನು ಮುಂದಿನದರಿಂದ ಬೇರ್ಪಡಿಸಲು ಭಾಷೆಗಳು ಇವುಗಳನ್ನು ಬಳಸುತ್ತವೆ. ಹಾಡು ಇವೇ ಮೂರನ್ನೂ ತನ್ನ ವಶಕ್ಕೆ ತೆಗೆದುಕೊಳ್ಳುತ್ತದೆ: ಏರಿಳಿತ ರಾಗದ ಸೊತ್ತಾಗುತ್ತದೆ, ಕಾಲಮಾನ ತಾಳದ ಸೊತ್ತಾಗುತ್ತದೆ, ನಿಲುಗಡೆ ಎರಡರ ನಡುವಿನ ಒಪ್ಪಂದವಾಗುತ್ತದೆ. ಅಂದರೆ ಮಟ್ಟು ಹಾಕುವವನು ಭಾವವನ್ನಷ್ಟೇ ಸೇರಿಸುತ್ತಿಲ್ಲ. ಬೇಕೆಂದೋ ಬೇಡವೆಂದೋ ವ್ಯಾಕರಣದ ಸಲಕರಣೆಗಳ ಮೇಲೆ ಕೈಯಿಡುತ್ತಿದ್ದಾನೆ. ಹಾಗಿದ್ದರೂ ಕೇಳುವವನಿಗೆ ಹಾಡು ಅರ್ಥವಾಗುವುದು ಹೇಗೆ, ಎಲ್ಲಿ ಅರ್ಥ ಬದಲಾಗುತ್ತದೆ ಎಂಬುದು ಇಲ್ಲಿನ ಪ್ರಶ್ನೆ.

ಉತ್ತರ ಭಾಷೆಯಿಂದ ಭಾಷೆಗೆ ಬೇರೆ. ಕ್ಯಾಂಟನೀಸ್‌ನಂಥ ಭಾಷೆಯಲ್ಲಿ ದನಿಯ ಎತ್ತರವೇ ಪದವನ್ನು ನಿರ್ಧರಿಸುವುದರಿಂದ ಅಲ್ಲಿನ ಗೀತರಚನಕಾರರು ಮಟ್ಟಿನ ಏರಿಳಿತಕ್ಕೆ ಹೊಂದುವ ಸ್ವರವಿರುವ ಪದಗಳನ್ನೇ ಹುಡುಕಬೇಕಾಗುತ್ತದೆ. ಇಂಗ್ಲಿಷಿನಲ್ಲಿ ಪದದೊಳಗಿನ ಒತ್ತು ತಾಳದ ಪೆಟ್ಟಿನ ಮೇಲೆ ಬೀಳಬೇಕು. ತಪ್ಪಿದರೆ ಪದ ವಿಕಾರವಾಗಿ ಕೇಳಿಸುತ್ತದೆ. ಕನ್ನಡಕ್ಕೆ ಈ ಎರಡು ನಿರ್ಬಂಧಗಳೂ ಇಲ್ಲ. ಕನ್ನಡದಲ್ಲಿ ಒತ್ತು ಪದಗಳನ್ನು ಬೇರ್ಪಡಿಸುವುದಿಲ್ಲ. ಪ್ರಶ್ನೆಗೆ ‘ಆ’, ‘ಏ’, ‘ಓ’ ಎಂಬ ಪ್ರತ್ಯಯಗಳಿವೆ, ಅವಧಾರಣೆಗೆ ‘ಏ’ ಇದೆ, ಸಮುಚ್ಚಯಕ್ಕೆ ‘ಊ’ ಇದೆ. ಬೇರೆ ಭಾಷೆಗಳು ದನಿಯ ಏರಿಳಿತಕ್ಕೆ ವಹಿಸಿದ ಕೆಲಸದ ದೊಡ್ಡ ಪಾಲನ್ನು ಕನ್ನಡವು ಅಕ್ಷರಗಳಿಗೇ ವಹಿಸಿದೆ. ಹೀಗಾಗಿ ಒಂದೇ ಕೀರ್ತನೆಯನ್ನು ಇಬ್ಬರು ಗಾಯಕರು ಬೇರೆ ಬೇರೆ ರಾಗಗಳಲ್ಲಿ ಹಾಡಿದರೂ ಅದರ ವಾಕ್ಯಾರ್ಥಕ್ಕೆ ಧಕ್ಕೆಯಾಗುವುದಿಲ್ಲ. ದಾಸರ ಪದಗಳ ಮೂಲ ಮಟ್ಟುಗಳು ಬಹುಪಾಲು ಮರೆಯಾಗಿ, ಇಂದು ಹಾಡುವ ರಾಗಗಳು ಹೆಚ್ಚಾಗಿ ಈಚಿನವರು ಅಳವಡಿಸಿದವಾಗಿದ್ದರೂ ಪದಗಳು ಅರ್ಥಪೂರ್ಣವಾಗಿಯೇ ಉಳಿದಿರುವುದಕ್ಕೆ ಇದೂ ಒಂದು ಕಾರಣ.

ಆದರೆ ಏರಿಳಿತವನ್ನು ಬಿಟ್ಟುಕೊಟ್ಟ ಕನ್ನಡ ಕಾಲಮಾನವನ್ನು ಬಿಟ್ಟುಕೊಟ್ಟಿಲ್ಲ. ತೊಡಕು ಶುರುವಾಗುವುದು ಅಲ್ಲಿ.

ಪದದೊಳಗಿನ ಹ್ರಸ್ವ ಮತ್ತು ದೀರ್ಘ

ಬಿಡು-ಬೀಡು, ನಡು-ನಾಡು, ಕೊಡು-ಕೋಡು, ಬೆಳೆ-ಬೇಳೆ: ಮೊದಲ ಸ್ವರದ ಒಂದು ಮಾತ್ರೆಯ ವ್ಯತ್ಯಾಸದಿಂದ ಪದವೇ ಬೇರೆಯಾಗುವ ಇಂಥ ಜೋಡಿಗಳು ಕನ್ನಡದಲ್ಲಿ ಹೇರಳ. ಮಟ್ಟಿಗೋಸ್ಕರ ‘ನಡು’ವಿನ ಮೊದಲ ಅಕ್ಷರವನ್ನು ಎಳೆದರೆ ‘ನಾಡು’ ಕೇಳಿಸಬೇಕಲ್ಲವೆ?

ಎಳೆತ ಎರಡು ಬಗೆಯದು ಎಂಬುದನ್ನು ಮೊದಲು ಗಮನಿಸಬೇಕು. ಚೌಕಕಾಲದಲ್ಲಿ ಹಾಡುವಾಗ ಎಲ್ಲ ಅಕ್ಷರಗಳೂ ಒಂದೇ ಪ್ರಮಾಣದಲ್ಲಿ ಹಿಗ್ಗುತ್ತವೆ; ಒಂದಕ್ಕೆ ಎರಡಿದ್ದ ಅನುಪಾತ ಎರಡಕ್ಕೆ ನಾಲ್ಕಾಗುತ್ತದೆ. ಕೇಳುವವನು ಅಳೆಯುವುದು ಕಾಲವನ್ನಲ್ಲ, ಅನುಪಾತವನ್ನು. ತಾಳದ ಎಣಿಕೆ ಅವನ ಕೈಯಲ್ಲಿರುವುದರಿಂದ ಈ ಅಳತೆ ಆಡುಮಾತಿಗಿಂತಲೂ ಹಾಡಿನಲ್ಲಿ ಹೆಚ್ಚು ಕರಾರುವಾಕ್ಕಾಗಿರುತ್ತದೆ. ಅಪಾಯವಿರುವುದು ಎರಡನೆಯ ಬಗೆಯಲ್ಲಿ, ಒಂದೇ ಅಕ್ಷರವನ್ನು ಆಯ್ದು ಎಳೆಯುವಲ್ಲಿ.

ಅಲ್ಲಿಯೂ ಎಲ್ಲ ಅಕ್ಷರಗಳು ಸಮಾನವಲ್ಲ. ‘ಬಲ್ಲೆ’ ಎಂಬಲ್ಲಿ ‘ಬ’ಕಾರದ ಸ್ವರ ಹ್ರಸ್ವ, ಮುಂದಿನ ದ್ವಿತ್ವದಿಂದಾಗಿ ಅಕ್ಷರ ಗುರು. ಗಾಯಕನು ಆ ಸ್ವರವನ್ನು ಎಷ್ಟು ಎಳೆದರೂ ಇನ್ನೊಂದು ಪದ ಹುಟ್ಟುವುದಿಲ್ಲ, ಏಕೆಂದರೆ ದ್ವಿತ್ವದ ಹಿಂದೆ ದೀರ್ಘಸ್ವರ ಬರುವುದು ಕನ್ನಡದ ದೇಶ್ಯ ಧಾತುಗಳಲ್ಲಿ ಬಹಳ ವಿರಳ. ವ್ಯತ್ಯಾಸವೇ ಇಲ್ಲದ ಕಡೆ ವ್ಯತ್ಯಾಸ ಕೆಡುವ ಭಯವೂ ಇಲ್ಲ. ಹಳ್ಳಿ, ಕಲ್ಲು, ಎಲ್ಲೆ, ಮಣ್ಣು ಮೊದಲಾದ ಪದಗಳ ಮೊದಲ ಅಕ್ಷರ ಮಟ್ಟು ಹಾಕುವವನಿಗೆ ಭಾಷೆ ಕೊಟ್ಟ ಉಂಬಳಿ. ಛಂದಶ್ಶಾಸ್ತ್ರವು ದೀರ್ಘಾಕ್ಷರವನ್ನೂ ಒತ್ತಕ್ಷರದ ಹಿಂದಿನ ಹ್ರಸ್ವಾಕ್ಷರವನ್ನೂ ಗುರು ಎಂಬ ಒಂದೇ ಹೆಸರಿನಿಂದ ಕರೆದಿರುವುದು ಲೆಕ್ಕದ ಸೌಕರ್ಯಕ್ಕೆ ಮಾತ್ರವಲ್ಲ. ಇವೆರಡೂ ಎಳೆತವನ್ನು ಸಮಾನವಾಗಿ ತಾಳಿಕೊಳ್ಳುತ್ತವೆ ಎಂಬ ಗಾಯಕನ ಅನುಭವವೂ ಅದರಲ್ಲಿದೆ.

ಉಳಿದದ್ದು ನಿಜವಾದ ಲಘು. ಅದನ್ನು ಕಾಪಾಡಲು ನಮ್ಮ ಕಾವ್ಯಪರಂಪರೆ ಇಟ್ಟುಕೊಂಡಿದ್ದ ಒಂದು ಸಾಧನವನ್ನು ಸಾಮಾನ್ಯವಾಗಿ ಆ ದೃಷ್ಟಿಯಿಂದ ನೋಡುವುದಿಲ್ಲ. ಅದು ದ್ವಿತೀಯಾಕ್ಷರ ಪ್ರಾಸ. ಪ್ರತಿ ಪಾದದ ಎರಡನೆಯ ಅಕ್ಷರದ ವ್ಯಂಜನ ಒಂದೇ ಆಗಿದ್ದರೆ ಸಾಲದು. ಅದರ ಹಿಂದಿನ ಅಕ್ಷರದ ತೂಕವೂ ಒಂದೇ ಆಗಿರಬೇಕು. ಮೊದಲ ಅಕ್ಷರ ಹ್ರಸ್ವವಾದರೆ ಸಿಂಹಪ್ರಾಸ, ದೀರ್ಘವಾದರೆ ಗಜಪ್ರಾಸ; ಒಂದು ಪದ್ಯದಲ್ಲಿ ಇವೆರಡನ್ನು ಬೆರೆಸುವಂತಿಲ್ಲ. ಮೊದಲ ಪಾದ ‘ಕಾಡಿನ’ ಎಂದು ತೊಡಗಿದರೆ ಎರಡನೆಯದು ‘ನಾಡಿನ’ ಎಂದೇ ತೊಡಗಬಲ್ಲುದು, ‘ನಡುವಿನ’ ಎಂದಲ್ಲ. ಎರಡನೆಯ ಪಾದದ ಮೊದಲ ಅಕ್ಷರವನ್ನು ಗಾಯಕನು ಹೇಗೆ ಹಿಗ್ಗಿಸಲಿ, ಕುಗ್ಗಿಸಲಿ, ಅದು ಏನಾಗಿರಬೇಕೆಂದು ಕೇಳುಗನಿಗೆ ಮೊದಲೇ ತಿಳಿದಿರುತ್ತದೆ. ಪ್ರಾಸವನ್ನು ಕಿವಿಯ ಸೊಗಸೆಂದೋ ನೆನಪಿನ ಊರುಗೋಲೆಂದೋ ವಿವರಿಸುವುದು ರೂಢಿ. ಹಾಡಿನ ಭಾಷೆಯಾಗಿ ನೋಡಿದರೆ ಅದು ಸ್ವರದ ಅಳತೆಗೆ ಹಾಕಿದ ಮುದ್ರೆ. ಬಿ.ಎಂ. ಶ್ರೀಕಂಠಯ್ಯನವರ ಕಾಲದಿಂದೀಚೆಗೆ ಆದಿಪ್ರಾಸವನ್ನು ಬಿಟ್ಟು ಅಂತ್ಯಪ್ರಾಸವನ್ನು ಹಿಡಿದ ಭಾವಗೀತೆ ಈ ಮುದ್ರೆಯನ್ನು ಕಳೆದುಕೊಂಡಿತು.

ಪದದ ಕೊನೆ

ಪದದೊಳಗಿನ ಈ ಅಪಾಯಕ್ಕಿಂತ ಹೆಚ್ಚು ಸ್ವಾರಸ್ಯವಾದದ್ದು ಪದಾಂತದ ಸಂಗತಿ. ಹೊಸಗನ್ನಡದ ದೇಶ್ಯ ಪದಗಳು ಸ್ವರಾಂತ. ಮಟ್ಟು ನಿಲ್ಲುವುದು, ಹಿಗ್ಗುವುದು ಸಾಮಾನ್ಯವಾಗಿ ಸಾಲಿನ ಕೊನೆಯಲ್ಲಿ, ಅಂದರೆ ಪದಾಂತ ಸ್ವರದ ಮೇಲೆ. ಕನ್ನಡದ ಅವ್ಯಯಪ್ರತ್ಯಯಗಳು ಬಂದು ಕೂರುವ ಜಾಗವೂ ಅದೇ, ಅವುಗಳ ರೂಪವೂ ದೀರ್ಘಸ್ವರವೇ. ಒಂದೇ ಮನೆಗೆ ಎರಡು ಕಡೆಯವರು ಹಕ್ಕು ಹೇಳುತ್ತಿದ್ದಾರೆ.

ಯಾವ ಪದದಲ್ಲಿ ಘರ್ಷಣೆಯಾಗುತ್ತದೆ, ಯಾವುದರಲ್ಲಿ ಇಲ್ಲ ಎಂಬುದನ್ನು ನಮ್ಮ ಸಂಧಿಪ್ರಕರಣವೇ ತಿಳಿಸುತ್ತದೆ. ‘ಮನೆ’ಗೆ ‘ಊ’ ಸೇರಿದರೆ ಯಕಾರ ಆಗಮವಾಗಿ ‘ಮನೆಯೂ’; ‘ಮರ’ಕ್ಕೆ ಸೇರಿದರೆ ವಕಾರ ಆಗಮವಾಗಿ ‘ಮರವೂ’. ಗಾಯಕನು ‘ಮನೆ’ಯ ಎಕಾರವನ್ನೋ ‘ಮರ’ದ ಅಕಾರವನ್ನೋ ಎಷ್ಟು ಎಳೆದರೂ ಯಕಾರ, ವಕಾರಗಳು ಹುಟ್ಟುವುದಿಲ್ಲ; ಆದ್ದರಿಂದ ಸಮುಚ್ಚಯಾರ್ಥ ಬಾರದು. ಆದರೆ ‘ನಾನು’ ಪದಕ್ಕೆ ‘ಊ’ ಸೇರಿದಾಗ ಆಗುವುದು ಲೋಪಸಂಧಿ: ‘ನಾನೂ’. ಇಲ್ಲಿ ಪ್ರತ್ಯಯ ಸೇರಿದ ರೂಪಕ್ಕೂ ಕೊನೆಯ ಸ್ವರವನ್ನು ಎಳೆದ ರೂಪಕ್ಕೂ ಕಿವಿಗೆ ಭೇದವಿಲ್ಲ. ನೀನು-ನೀನೂ, ಮಾತು-ಮಾತೂ, ನೀರು-ನೀರೂ, ಕಣ್ಣು-ಕಣ್ಣೂ ಇದೇ ಜಾತಿಯವು. ಉಕಾರಾಂತಗಳಲ್ಲಿಯೂ ‘ಮಗು’, ‘ಗುರು’, ‘ಹಸು’ ಎಂಬಂಥವು ‘ಮಗುವೂ’, ‘ಗುರುವೂ’, ‘ಹಸುವೂ’ ಎಂದಾಗುವುದರಿಂದ ಸುರಕ್ಷಿತ. ಅಪಾಯವಿರುವುದು ಹಳಗನ್ನಡದ ಕಣ್, ನೀರ್, ಪಾಲ್, ನೀನ್ ಮೊದಲಾದ ವ್ಯಂಜನಾಂತಗಳಿಗೆ ಉಚ್ಚಾರಣೆಯ ಸೌಕರ್ಯಕ್ಕಾಗಿ ಮುಂದೆ ಬಂದು ಸೇರಿದ ಉಕಾರದಲ್ಲಿ ಮತ್ತು ಅದರಂತೆಯೇ ವರ್ತಿಸುವ ಉಕಾರದಲ್ಲಿ. ತನಗೆ ಸ್ವಂತ ಅರ್ಥವೇ ಇಲ್ಲದ, ಆಡುಮಾತಿನಲ್ಲಿ ಎಷ್ಟೋ ಸಲ ಬಿದ್ದೇಹೋಗುವ ಈ ಸ್ವರ, ಹಾಡಿನಲ್ಲಿ ಒಂದು ಮಾತ್ರೆ ಹೆಚ್ಚು ನಿಂತರೆ ಅರ್ಥವುಳ್ಳದ್ದಾಗಿಬಿಡುತ್ತದೆ.

ಇದು ಬರಿಯ ತಾರ್ಕಿಕ ಸಾಧ್ಯತೆಯಲ್ಲವೆ ಎಂದು ಕೇಳಬಹುದು. ಜೋಗುಳದಲ್ಲಿ ‘ಹಾಲು’ ಎಳೆದಾಡಿದರೆ ‘ಹಾಲೂ ಸಹ’ ಎಂದು ಯಾರೂ ತಿಳಿಯುವುದಿಲ್ಲ, ನಿಜ. ಸಂದರ್ಭ ಬಹುತೇಕ ಕಡೆ ತೀರ್ಮಾನಿಸುತ್ತದೆ. ಆದರೆ ವಾಕ್ಯ ಎರಡಕ್ಕೂ ಎಡೆಕೊಡುವಲ್ಲಿ ಸಂದರ್ಭ ಕೈಬಿಡುತ್ತದೆ. ಉದಾಹರಣೆಗೆಂದೇ ಕಟ್ಟಿದ ಒಂದು ಸಾಲನ್ನು ನೋಡೋಣ:

ಊರು ಮಲಗಿತು ನಾನು ಮಲಗಿದೆ

ಮೂರು, ನಾಲ್ಕು, ಮೂರು, ನಾಲ್ಕು ಮಾತ್ರೆಗಳ ಗಣಗಳಾಗಿ ಹದಿನಾಲ್ಕು ಮಾತ್ರೆಗಳು. ಭಾಮಿನಿ ಷಟ್ಪದಿಯ ಮೊದಲ ಪಾದದ ಅಳತೆ. ‘ನಾನು’ವಿನ ಮೊದಲ ಅಕ್ಷರದ ಮೇಲೆ ಮಟ್ಟು ನಿಂತರೆ ಹೇಳುವವನು ಊರಿನಿಂದ ಬೇರೆಯಾಗಿ ನಿಲ್ಲುತ್ತಾನೆ, ಎರಡನೆಯ ಅಕ್ಷರದ ಮೇಲೆ ನಿಂತರೆ ‘ನಾನೂ ಮಲಗಿದೆ’ ಎಂದಾಗಿ ಊರಿನೊಡನೆ ಸೇರಿಕೊಳ್ಳುತ್ತಾನೆ. ಕೊನೆಯ ಪದವನ್ನು ‘ಮಲಗೆನು’ ಎಂದು ಬದಲಿಸಿದರೆ ಎರಡನೆಯ ಬಗೆಯ ಎಳೆತ ವಾಕ್ಯವನ್ನೇ ಕೆಡಿಸುತ್ತದೆ, ಏಕೆಂದರೆ ಮಲಗಿದ ಊರಿನ ಜೊತೆಗೆ ‘ನಾನೂ ಮಲಗೆನು’ ಎಂಬುದು ಹೊಂದುವುದಿಲ್ಲ. ರಾಗ ಯಾವುದೇ ಇರಲಿ, ಈ ನಿರ್ಣಯ ಆಗುವುದು ಒಂದು ಮಾತ್ರೆಯ ಹಂಚಿಕೆಯಲ್ಲಿ.

ಛಂದಸ್ಸು ಇಲ್ಲಿ ಕಾವಲುಗಾರನಂತೆ ನಿಂತಿರುವುದನ್ನೂ ಕಾಣಬಹುದು. ‘ನಾನು’ ಮೂರು ಮಾತ್ರೆ, ‘ನಾನೂ’ ನಾಲ್ಕು. ಮೂರು-ನಾಲ್ಕರ ನಡೆಗೆ ಹೊಂದುವ ಮಿಶ್ರಛಾಪು ತಾಳದಲ್ಲಿ ಈ ಸಾಲನ್ನು ಅಕ್ಷರಕಾಲಕ್ಕೆ ತಕ್ಕಂತೆ ಹಾಡಿದರೆ ‘ನಾನೂ’ಗೆ ಜಾಗವೇ ಸಿಗದು, ಅದು ಮುಂದಿನ ಗಣದ ಒಂದು ಮಾತ್ರೆಯನ್ನು ಕಬಳಿಸಬೇಕಾಗುತ್ತದೆ. ಮಾತ್ರಾಗಣದ ಬಿಗಿಯಾದ ಲೆಕ್ಕ ಈ ವ್ಯಾಕರಣಭೇದವನ್ನು ತಾನಾಗಿ ಕಾಪಾಡುತ್ತದೆ. ಅಂಶಗಣಗಳಲ್ಲಿ ಹಾಗಿಲ್ಲ. ತ್ರಿಪದಿಯೇ ಮೊದಲಾದ ದೇಸಿ ಛಂದಸ್ಸುಗಳಿಗೆ ಮೂಲವಾದ ಅಂಶಗಣದಲ್ಲಿ ಗಣದ ಮೊದಲ ಅಂಶಕ್ಕೆ ಒಂದು ಗುರು ಅಥವಾ ಎರಡು ಲಘು ಬೇಕು. ನಂತರದ ಅಂಶಕ್ಕೆ ಗುರುವಾದರೂ ಸರಿ, ಒಂದೇ ಲಘುವಾದರೂ ಸರಿ. ಆ ಒಂಟಿ ಲಘುವನ್ನು ಹಾಡುವಾಗ ಎಳೆದು ಅಂಶವನ್ನು ತುಂಬಿಸುತ್ತಾರೆ. ಅದಕ್ಕೆ ಕರ್ಷಣವೆಂದು ಹೆಸರು. ‘ನಾನು’ ಎಂಬುದೂ ‘ನಾನೂ’ ಎಂಬುದೂ ಎರಡಂಶದ ಬ್ರಹ್ಮಗಣಗಳೇ. ಹಾಡಿದಾಗ ಎರಡಕ್ಕೂ ಒಂದೇ ಅಳತೆ. ಅಂದರೆ ಕನ್ನಡದ ಅತ್ಯಂತ ಹಳೆಯ ಹಾಡಿನ ನಡೆಗಳು ಪದಾಂತದ ಎಳೆತವನ್ನು ನಿಯಮವಾಗಿಯೇ ಒಪ್ಪಿಕೊಂಡಿದ್ದವು. ಅರ್ಥಭೇದವನ್ನು ಸಂದರ್ಭದ ಹೊಣೆಗೆ ಬಿಟ್ಟಿದ್ದವು. ಷಟ್ಪದಿ ಅಂಶಗಣದಿಂದ ಮಾತ್ರಾಗಣಕ್ಕೆ ಹೊರಳಿದ್ದನ್ನು ನಾವು ಸಾಮಾನ್ಯವಾಗಿ ಲಯದ ಇತಿಹಾಸವಾಗಿ ಓದುತ್ತೇವೆ. ದೀರ್ಘವಾದ ಕಥನವನ್ನು, ಸಂವಾದ-ವಾದಗಳನ್ನು ಹೊತ್ತ ಕಾವ್ಯಗಳಿಗೆ ಆ ಹೊರಳಿಕೆ ವ್ಯಾಕರಣದ ಸ್ಪಷ್ಟತೆಯನ್ನೂ ಒದಗಿಸಿತು ಎಂದು ನನಗೆ ತೋರುತ್ತದೆ.

ಉಕಾರಾಂತವಾದ ಪೂರ್ಣಕ್ರಿಯಾಪದ ಸಾಲಿನ ಕೊನೆಗೆ ಬಂದಾಗ ಭಯ ಕಡಿಮೆ. ‘ಮಲಗೆನು’ ಎಂಬುದನ್ನು ಎಳೆದರೆ ‘ಊ’ ಪ್ರತ್ಯಯದ ಅರ್ಥ ಬರುವುದಿಲ್ಲ. ಕನ್ನಡ ಕ್ರಿಯಾಂತ ಭಾಷೆಯಾದ್ದರಿಂದ ಸಾಲಿನ ಕೊನೆಗೂ ವಾಕ್ಯದ ಕೊನೆಗೂ ಕ್ರಿಯಾಪದವೇ ಬಂದು, ಎಳೆತಕ್ಕೆ ನಿರಪಾಯವಾದ ತಾಣ ಸಹಜವಾಗಿ ಸಿಗುತ್ತದೆ. ಆದರೆ ಭಾವಗೀತೆಗೆ ಪದಕ್ರಮವನ್ನು ತಿರುಗಿಸಿ ಸರ್ವನಾಮವನ್ನು ಕೊನೆಗೆ ಹಾಕುವ ಚಾಳಿ ಇದೆ. ‘ಮಲಗೆನು ನಾನು’ ಎಂದೊಡನೆ ಅಪಾಯ ಮರಳುತ್ತದೆ. ಕ್ರಿಯಾಪದಗಳಲ್ಲಿಯೂ ಒಂದು ವರ್ಗ ಇದಕ್ಕೆ ಅಪವಾದ. ‘ಬಂದರು’ ಎಂಬುದು ಪೂರ್ಣಕ್ರಿಯೆ. ‘ಬಂದರೂ’ ಎಂಬುದು ಪಕ್ಷಾರ್ಥಕ. ಹೋದರು-ಹೋದರೂ, ಕರೆದರು-ಕರೆದರೂ, ಅತ್ತರು-ಅತ್ತರೂ. ಒಂದರಲ್ಲಿ ವಾಕ್ಯ ಮುಗಿಯಿತು. ಇನ್ನೊಂದರಲ್ಲಿ ವಾಕ್ಯ ಬಾಯಿ ತೆರೆದು ಮುಖ್ಯಕ್ರಿಯೆಗಾಗಿ ಕಾಯುತ್ತಿದೆ. ಬಹುವಚನದ ಅಥವಾ ಗೌರವದ ಭೂತಕಾಲವನ್ನು ಸಾಲಿನ ಕೊನೆಗಿಟ್ಟು ಎಳೆಯುವ ಗಾಯಕ ಮುಗಿದದ್ದನ್ನು ಮುಗಿಯದಂತೆ ಮಾಡಬಲ್ಲ.

ಇನ್ನು ಸಂಬೋಧನೆ. ಅಣ್ಣ-ಅಣ್ಣಾ, ತಾಯಿ-ತಾಯೀ ಎಂಬಲ್ಲಿ ಕರೆಯುವಿಕೆಯೇ ದೀರ್ಘವನ್ನು ಬೇಡುತ್ತದೆ. ದೂರದಿಂದ ಕರೆಯುವಾಗ ಕೊನೆಯ ಸ್ವರ ಪ್ಲುತವಾಗುತ್ತದೆಂದು ಪಾಣಿನಿ ವಿಧಿಸಿದ್ದಾನೆ. ದೂರದ ಕರೆ, ಹಾಡು, ಅಳು ಈ ಮೂರೆಡೆಗಳಲ್ಲಿ ಪ್ಲುತ ಬರುತ್ತದೆಂದು ನಮ್ಮ ವ್ಯಾಕರಣಪಾಠಗಳು ಪರಂಪರೆಯಿಂದ ಹೇಳುತ್ತ ಬಂದಿವೆ. ಇವು ಮೂರನ್ನು ಒಂದೇ ಸಾಲಿನಲ್ಲಿ ಇಟ್ಟವರ ಕಿವಿ ಸೂಕ್ಷ್ಮವಾದದ್ದು. ಹಾಡಿನ ಎಳೆತ ಕರೆಯೊಡನೆ ಕೂಡಿದಾಗ ಎರಡೂ ಒಂದೇ ಕೆಲಸ ಮಾಡುತ್ತವೆ. ಸಂಗೀತಕ್ಕೂ ವ್ಯಾಕರಣಕ್ಕೂ ಅಲ್ಲಿ ಜಗಳವಿಲ್ಲ. ವಚನಗಳ ಕೊನೆಗೆ ಬರುವ ಅಂಕಿತ ಬಹುಮಟ್ಟಿಗೆ ಸಂಬೋಧನೆಯೇ. 12ನೆಯ ಶತಮಾನದ ಈ ಗದ್ಯಪ್ರಾಯವಾದ ರಚನೆಗಳನ್ನು ಮಲ್ಲಿಕಾರ್ಜುನ ಮನಸೂರರಂಥವರು ರಾಗಕ್ಕೆ ಒಗ್ಗಿಸಿ ಹಾಡಿದಾಗ, ನಿಯತವಾದ ಗಣವಿಲ್ಲದಿದ್ದರೂ ಮಟ್ಟಿಗೆ ನೆಲೆಯಾಗಿ ಸಿಕ್ಕ ಸ್ಥಾನಗಳಲ್ಲಿ ಅಂಕಿತ ಮುಖ್ಯವಾದದ್ದು. ಮುದ್ರಿತ ಸಂಪುಟಗಳಲ್ಲಿ ಅದೇ ಅಂಕಿತವನ್ನು ‘ಕೂಡಲಸಂಗಮದೇವ’ಎಂದೂ ‘ಕೂಡಲಸಂಗಮದೇವಾ’ ಎಂದೂ ಕಾಣುತ್ತೇವೆ. ಬರಹ ಹಿಂಜರಿಯುವಲ್ಲಿ ಹಾಡು ಹಿಂಜರಿಯುವಂತಿಲ್ಲ. ಅದು ಒಂದನ್ನು ಆರಿಸಲೇಬೇಕು. ದಾಸರ ಪದಗಳಲ್ಲಿ ಅಂಕಿತ ಇನ್ನಷ್ಟು ಚಲನಶೀಲ: ವಿಠಲ, ವಿಠಲನ, ವಿಠಲನೆ ಎಂದು ವಿಭಕ್ತಿಗಳಲ್ಲಿ ತಿರುಗುತ್ತದೆ. ಷಷ್ಠಿಯ ‘ವಿಠಲನ’ ಎಂಬುದನ್ನು ಎಳೆದರೆ ಪ್ರಶ್ನೆಯ ನೆರಳು ಬೀಳಬಹುದು. ‘ಅವನ ಹಾಡು’ ಎಂಬುದು ‘ಅವನಾ ಹಾಡು’ ಎಂದಾದಾಗ ‘ಅವನ ಆ ಹಾಡು’ ಎಂಬ ಮೂರನೆಯ ಅರ್ಥಕ್ಕೂ ಸಂಧಿ ಬಾಗಿಲು ತೆರೆಯುವಂತೆ.

ಒಡೆಯುವ ಸ್ಥಾನ

ಕನ್ನಡ ಕವಿಗಳು ಯತಿಯನ್ನು ಮೀರಲು ಅಂಜಿದವರಲ್ಲ; ಪ್ರಾಸವನ್ನು ಹಿಡಿದು ಯತಿಯನ್ನು ಸಡಿಲಬಿಟ್ಟರು. ಎಲ್ಲಿ ನಿಲ್ಲಬೇಕೆಂಬುದನ್ನು ಪಠ್ಯ ಹೇಳದಿದ್ದಾಗ ಅದನ್ನು ಹೇಳುವ ಹೊಣೆ ಹಾಡುವವನದು. ಗಮಕದಲ್ಲಿ ಈ ಹೊಣೆಯನ್ನು ಬಹಳ ಎಚ್ಚರದಿಂದ ನಿರ್ವಹಿಸಲಾಗುತ್ತದೆ. ಗಮಕಿ ರಾಗವನ್ನು ಇಟ್ಟುಕೊಂಡು ತಾಳದ ಆವರ್ತವನ್ನು ಬಿಟ್ಟುಕೊಡುತ್ತಾನೆ. ಕುಮಾರವ್ಯಾಸನ ಪದ್ಯವನ್ನು ವಾಚಿಸುವಾಗ ಗಣದ ಗಡಿ ಪದದ ನಡುವೆ ಬಿದ್ದಲ್ಲಿ ಗಣವನ್ನು ಮೀರಿ ಅರ್ಥಕ್ಕೆ ಸರಿಯಾಗಿ ನಿಲ್ಲುತ್ತಾನೆ. ತಾಳಕ್ಕೆ ಕಟ್ಟುಬಿದ್ದ ಹಾಡಿಗೆ ಆ ಅನುಕೂಲವಿಲ್ಲ.

ಆದರೆ ಕಟ್ಟುಪಾಡು ಕೆಲವೊಮ್ಮೆ ಲಾಭಕರ. ‘ಅವನಿಲ್ಲದ ಮನೆ’ ಎಂಬ ಪದಪುಂಜ ಎಂಟು ಮಾತ್ರೆಯದು. ಚತುರಶ್ರ ನಡೆಯಲ್ಲಿ ಅದು ನಾಲ್ಕು-ನಾಲ್ಕಾಗಿ ಒಡೆಯುತ್ತದೆ. ಗಡಿ ದ್ವಿತ್ವದ ಎರಡು ಲಕಾರಗಳ ನಡುವೆ ಬೀಳುತ್ತದೆ, ಹೊಲಿಗೆ ಹಾಕಿದಂತೆ ಪದ ಒಂದಾಗಿಯೇ ಉಳಿಯುತ್ತದೆ. ಖಂಡ ನಡೆಯಲ್ಲಿ ಮೊದಲ ಐದು ಮಾತ್ರೆಗೆ ‘ಅವನಿಲ್ಲ’ ಎಂದು ನಿಲ್ಲುತ್ತದೆ. ‘ದ ಮನೆ’ ಮುಂದಿನ ಐದಕ್ಕೆ ಹೋಗುತ್ತದೆ. ಕೇಳುವವನಿಗೆ ಮೊದಲು ಸಿಗುವುದು ಒಂದು ಪೂರ್ಣವಾಕ್ಯ, ಅವನು ಇಲ್ಲ ಎಂಬ ಸುದ್ದಿ. ಆಮೇಲೆ ಬರುವ ‘ದ’ಕಾರ ಆ ವಾಕ್ಯವನ್ನು ಮನೆಯ ವಿಶೇಷಣವಾಗಿ ಮಾಡುತ್ತದೆ. ಹೀಗೆ ಒಡೆದದ್ದನ್ನು ಕೇಳಿ ತಪ್ಪೆಂದು ಗೊಣಗುವವರಿದ್ದಾರೆ. ಪದವನ್ನು ಅರ್ಥಹೀನವಾಗಿ ತುಂಡರಿಸುವುದು ತಪ್ಪೇ. ಇಲ್ಲಿ ತುಂಡಾದ ಮೊದಲ ಭಾಗವೇ ಒಂದು ಅರ್ಥವಾಗಿ ನಿಂತಿದೆ, ಎರಡನೆಯದು ಅದನ್ನು ತಿದ್ದಿದೆ. ನಿಷೇಧವೂ ಸಂಬಂಧವೂ ಕೊನೆಯಲ್ಲಿ ಬರುವ ಕನ್ನಡದಂಥ ಭಾಷೆಯಲ್ಲಿ ಈ ಬಗೆಯ ಎರಡು ಹಂತದ ಅರ್ಥಕ್ಕೆ ಹಾಡು ವಿಶೇಷವಾಗಿ ಒದಗುತ್ತದೆ.

ಪಲ್ಲವಿಗೆ ಮರಳುವುದು

ಪಲ್ಲವಿಯ ಪುನರಾವರ್ತನೆಯನ್ನು ನೆನಪಿಗಾಗಿ, ಮೆರುಗಿಗಾಗಿ ಎಂದು ವಿವರಿಸುವುದುಂಟು. ಕನ್ನಡದ ಪದಗಳಲ್ಲಿ ಅದಕ್ಕಿಂತ ಬಿಗಿಯಾದ ಒಂದು ವಾಕ್ಯರಚನೆಯ ಕಾರಣ ಕಾಣುತ್ತದೆ. ಮುಖ್ಯಕ್ರಿಯೆ ಪಲ್ಲವಿಯಲ್ಲಿದ್ದು, ಚರಣಗಳು ಕೃದಂತಗಳಲ್ಲೋ ಪಕ್ಷಾರ್ಥಕದಲ್ಲೋ ಮುಗಿದು, ಪಲ್ಲವಿಗೆ ಮರಳಿದಾಗಲೇ ವಾಕ್ಯ ಪೂರ್ಣವಾಗುವ ರಚನೆಗಳು ದಾಸಸಾಹಿತ್ಯದಲ್ಲಿ ಸಾಕಷ್ಟಿವೆ. ಅಧೀನವಾಕ್ಯ ಮೊದಲು, ಮುಖ್ಯಕ್ರಿಯೆ ಕೊನೆಗೆ ಎಂಬ ಕನ್ನಡದ ಕ್ರಮವನ್ನು ಹಾಡು ಮೊದಲು ತಲೆಕೆಳಗು ಮಾಡಿ, ಮರಳುವಿಕೆಯಿಂದ ಮತ್ತೆ ನೇರ ಮಾಡುತ್ತದೆ. ಮತ್ತೊಂದು ಕಟ್ಟಿದ ಉದಾಹರಣೆ: ಪಲ್ಲವಿ ‘ಕದ ತೆರೆದಿಡು’ ಎಂದಿರಲಿ. ಒಂದು ಚರಣದ ಕೊನೆ ‘ಮಳೆ ಸುರಿಯುವ ಮೊದಲೇ’. ಇನ್ನೊಂದರ ಕೊನೆ ‘ಯಾರು ಬಂದರೆಂದು ಕೇಳದೆ’. ಮೂರನೆಯದರ ಕೊನೆ ‘ನಾನು ಬಾರದಿದ್ದರೂ’. ಮೂರು ಸಲವೂ ಪಲ್ಲವಿಯ ಅಕ್ಷರ, ಮಟ್ಟು ಅವೇ. ಮೊದಲನೆಯದು ಮನೆಗೆಲಸದ ಮಾತು, ಎರಡನೆಯದು ಆತಿಥ್ಯ, ಮೂರನೆಯದು ಅಗಲಿಕೆ. ಬದಲಾದದ್ದು ಪಲ್ಲವಿ ಯಾವ ಅಧೀನವಾಕ್ಯಕ್ಕೆ ಕ್ರಿಯೆಯಾಗಿ ನಿಂತಿತು ಎಂಬುದು.

ಈಗ ಒಂದು ಚರಣ ‘ನೂರು ಮಂದಿ ಬಂದರು’ ಎಂದು ಮುಗಿಯುತ್ತದೆಂದು ಭಾವಿಸಿ. ಕೊನೆಯ ಉಕಾರವನ್ನು ಮೊಟಕಾಗಿ ಹಾಡಿ, ಸ್ವಲ್ಪ ತಡೆದು ಪಲ್ಲವಿಗೆ ಬಂದರೆ ಎರಡು ವಾಕ್ಯಗಳು: ನೂರು ಜನ ಬಂದಾಗಿದೆ; ಕದ ತೆರೆದಿಡು. ಅದೇ ಉಕಾರವನ್ನು ಎಳೆದು ತಡೆಯಿಲ್ಲದೆ ಪಲ್ಲವಿಯನ್ನು ಎತ್ತಿಕೊಂಡರೆ ಒಂದೇ ವಾಕ್ಯ: ನೂರು ಜನ ಬಂದರೂ ಸರಿ, ಕದ ತೆರೆದಿಡು. ಚರಣದ ಕೊನೆಯಲ್ಲಿ ಎಳೆದು ಪಲ್ಲವಿಯ ಎಡುಪಿಗೆ ಹೊಂದಿಸುವುದು ಗಾಯಕರ ಅಭ್ಯಾಸಗತವಾದ ಕ್ರಮವಾದ್ದರಿಂದ, ಸಾಹಿತ್ಯವನ್ನು ನೋಡದೆ ಹಾಡಿದರೆ ಎರಡನೆಯ ಅರ್ಥವೇ ಗೆಲ್ಲುತ್ತದೆ.

ಪುನರಾವರ್ತನೆ ಸಾರ್ವಜನಿಕ ವಿವಾದದ ವಸ್ತುವೂ ಆದದ್ದುಂಟು. ಕುವೆಂಪು ಅವರ ಗೀತೆಯನ್ನು 2004ರಲ್ಲಿ ಕರ್ನಾಟಕದ ನಾಡಗೀತೆಯಾಗಿ ಅಂಗೀಕರಿಸಿದ ಮೇಲೆ ಅದರ ಮಟ್ಟು, ಅವಧಿಗಳ ಬಗ್ಗೆ ಬಹುಕಾಲ ಚರ್ಚೆ ನಡೆಯಿತು. 2022ರಲ್ಲಿ ಸರ್ಕಾರವು ಮೈಸೂರು ಅನಂತಸ್ವಾಮಿಯವರ ಮಟ್ಟಿನಲ್ಲಿ, ಆಲಾಪ ಮತ್ತು ಪುನರಾವರ್ತನೆಗಳಿಲ್ಲದೆ, 2 ನಿಮಿಷ 30 ಸೆಕೆಂಡುಗಳಲ್ಲಿ ಹಾಡಬೇಕೆಂದು ಆದೇಶಿಸಿತು. ಮೇಲಿನ ವಿವೇಚನೆಯ ಬೆಳಕಿನಲ್ಲಿ ಅದನ್ನು ನೋಡಿದರೆ, ಆ ಗೀತೆಯ ಅನೇಕ ಸಾಲುಗಳು ಸಂಬೋಧನೆಯಲ್ಲಿ ಕೊನೆಗೊಳ್ಳುತ್ತವೆ. ಸಂಬೋಧನೆಯ ಸರಣಿಗೆ ವಾಕ್ಯವನ್ನು ಪೂರ್ಣಗೊಳಿಸಲು ಪಲ್ಲವಿ ಬೇಕಿಲ್ಲ. ಪುನರಾವರ್ತನೆಯನ್ನು ತೆಗೆದರೂ ಅದರ ವಾಕ್ಯರಚನೆ ಕುಸಿಯುವುದಿಲ್ಲ. ಮೇಲೆ ಹೇಳಿದ ಬಗೆಯ ದಾಸರ ಪದವೊಂದಕ್ಕೆ ಅದೇ ನಿಯಮವನ್ನು ಹಾಕಿದರೆ ಚರಣಗಳೆಲ್ಲ ಕ್ರಿಯೆಯಿಲ್ಲದೆ ತೂಗಾಡುತ್ತವೆ.

ಮಟ್ಟು ಮೊದಲಾದಾಗ

ಚಲನಚಿತ್ರಗೀತೆಯಲ್ಲಿ ಮಟ್ಟು ಮೊದಲು ಸಿದ್ಧವಾಗಿ, ಸಾಹಿತ್ಯ ಆಮೇಲೆ ಬರುವುದು ಸಾಮಾನ್ಯ. ಅಲ್ಲಿ ಕವಿ ಶಾರ್ಙ್ಗದೇವನ ಅರ್ಥದಲ್ಲಿ ಕುಟ್ಟಿಕಾರ. ಎಳೆತ ಎಲ್ಲಿ ಬೀಳುತ್ತದೆಂಬುದು ಅವನಿಗೆ ಮೊದಲೇ ಗೊತ್ತು. ಆ ಎಳೆತವನ್ನು ತಾಳಿಕೊಳ್ಳುವ ಪದವನ್ನು ಅವನು ಹುಡುಕಬೇಕು. ಈಚಿನ ಗೀತೆಗಳಲ್ಲಿ ‘ನಾನು’, ‘ನೀನು’ಗಳಿಗಿಂತ ‘ನಾ’, ‘ನೀ’ಗಳು ಎದ್ದು ಕಾಣುವುದನ್ನು ಆಡುಮಾತಿನ ಪ್ರಭಾವವೆಂದೋ ಸೋಮಾರಿತನವೆಂದೋ ಕರೆಯುವವರಿದ್ದಾರೆ. ಕಾರಣ ಇನ್ನೊಂದೂ ಇರಬಹುದು. ‘ನೀ’ ಒಂದೇ ಗುರು. ಎಷ್ಟು ಎಳೆದರೂ ‘ನೀ’. ಅದಕ್ಕೆ ‘ಊ’ ಸೇರಬೇಕಾದರೆ ‘ನೀನೂ’ ಎಂದು ನಕಾರ ಮರಳಿ ಬರಲೇಬೇಕು. ಪದಾಂತದ ಉಕಾರದಿಂದ ಹುಟ್ಟುವ ತೊಡಕು ಈ ರೂಪಗಳಿಗೆ ಇಲ್ಲ. ತೆರೆದ ಬಾಯಿಯ ಆಕಾರದ ಮೇಲೆ ನಿಲ್ಲುವುದು ಗಾಯಕನಿಗೂ ಹಿತ. ತುಟಿ ಮುಚ್ಚುವ ಉಕಾರದ ಮೇಲೆ ನಿಲ್ಲುವುದು ಅಷ್ಟು ಹಿತವಲ್ಲ.

ಇದೆಲ್ಲದರ ಪರಿಣಾಮ ತಟ್ಟುವುದು ಹಾಡನ್ನು ಬರಹಕ್ಕೆ ಇಳಿಸುವವರಿಗೆ. ಜಾನಪದ ಸಂಗ್ರಾಹಕನು ಕೇಳಿದ್ದನ್ನು ಬರೆದುಕೊಳ್ಳುವಾಗ, ದಾಸರ ಪದಗಳ ಸಂಪಾದಕನು ಹಾಡುವವರ ಬಾಯಿಂದ ಬಂದ ಪಾಠವನ್ನು ತೂಗುವಾಗ, ‘ಬಂದರು’ ಎಂದು ಬರೆಯಬೇಕೋ ‘ಬಂದರೂ’ ಎಂದೋ ಎಂಬುದನ್ನು ಅವನು ತೀರ್ಮಾನಿಸುತ್ತಾನೆ. ಬರೆದ ದೀರ್ಘ ವ್ಯಾಕರಣದ್ದೋ ಮಟ್ಟಿನದೋ ಎಂದು ಮುಂದೆ ಓದುವವನಿಗೆ ತಿಳಿಯುವ ದಾರಿಯಿಲ್ಲ. ನಮ್ಮ ಸಂಗ್ರಹಗಳಲ್ಲಿ ಎರಡನ್ನೂ ಒಂದೇ ಕೊಂಬಿನ ದೀರ್ಘದಿಂದ ತೋರಿಸಲಾಗುತ್ತಿದೆ. ಪ್ರತ್ಯಯದ ದೀರ್ಘಕ್ಕೆ ಎಂದಿನ ಲಿಪಿಚಿಹ್ನೆಯನ್ನು ಉಳಿಸಿಕೊಂಡು, ಹಾಡಿನ ಎಳೆತಕ್ಕೆ ಹ್ರಸ್ವಾಕ್ಷರದ ಮುಂದೆ ಒಂದು ಅಡ್ಡಗೆರೆಯನ್ನು ಇಟ್ಟರೆ ಸಾಕು. ಸ್ವರಲಿಪಿಯ ಪುಸ್ತಕಗಳು ಸ್ವರಾಕ್ಷರಗಳಿಗೆ ಬಹಳ ಹಿಂದಿನಿಂದ ಇಂಥ ಚಿಹ್ನೆಗಳನ್ನು ಬಳಸುತ್ತಿವೆ. ಸಾಹಿತ್ಯದ ಸಾಲಿಗೆ ಅದನ್ನು ವಿಸ್ತರಿಸುವುದು ಬಾಕಿಯಿದೆ. ಗಾಯಕರ ಎಳೆತ ಉಕಾರಾಂತಗಳ ಮೇಲೆ ಎಷ್ಟು ಬೀಳುತ್ತದೆ, ಅದರ ಹಿಂದಿನ ಅಕ್ಷರಕ್ಕೆ ಎಷ್ಟು ಸರಿಯುತ್ತದೆ ಎಂಬುದನ್ನು ಧ್ವನಿಮುದ್ರಿಕೆಗಳಿಂದ ಅಳೆದು ನೋಡುವ ಕೆಲಸಕ್ಕೂ ಮೊದಲು ಬೇಕಾದದ್ದು ಹೀಗೆ ಗುರುತುಮಾಡಿದ ಪಠ್ಯವೇ.